ಪಾರ್ಸಲ್ ಆಗದ ತಿಂಡಿ

"ಖಾರ ಮಂಡಕ್ಕಿ ಪಾರ್ಸಲ್ ಕೊಡ್ತೀರೇನ್ರೀ?"

ಈರುಳ್ಳಿ ಹೆಚ್ಚುತ್ತಿದ್ದ ದುರ್ಗಾಂಬಿಕಾಳ ಕೈ ಅಲ್ಲೇ ನಿಂತಿತು.

ಆ ದನಿ...!

ಜಗಳೂರು ಬಸ್ ನಿಲ್ದಾಣದ ಮುಂದೆ, ಅವಳ ಮಂಡಕ್ಕಿ ಗಾಡಿಯ ದೀಪದ ಬೆಳಕಿನಲ್ಲಿ ಸೊಕ್ಕೆ ಹಳ್ಳಿಯ ತಿಮ್ಮೇಶ್ ನಿಂತಿದ್ದ. ಜಪಾನಿನ ಸೆಂಡೈ ಎಂಬ ಊರಿಗೆ, ತಿಂಡಿ ಕಾರ್ಖಾನೆಯ ಕೆಲಸಕ್ಕೆಂದು ಹೋಗಿದ್ದವನು!

ಹೊರಡುವ ದಿನವೂ ಅವನು ಕೇಳಿದ್ದು ಇದನ್ನೇ. "ದಾವಣಗೆರೆ ಮುಟ್ಟೋದ್ರೊಳಗೆ ಮೆತ್ತಗಾಗುತ್ತೆ, ಇಲ್ಲೇ ನಿಂತು ತಿನ್ಬೇಕು" ಎಂದಿದ್ದಳು ಅವಳು.

"ಹಂಗಾರೆ ತಿನ್ನಾಕೆ ವಾಪಸ್ ಬರ್ತೀನಿ" ಎಂದು ನಕ್ಕಿದ್ದ.

ಆ ಒಂದು ನಗುವನ್ನು ನಂಬಿ, ಕೇಳಿಕೊಂಡು ಬಂದ ಗಂಡುಗಳನ್ನೆಲ್ಲ ಬೇಡವೆಂದಿದ್ದಳು. ಈಗ ನ್ಯಾಮತಿಯ ಗಂಡಿನ ಕಡೆಯವರು ನೋಡಲು ಬರುತ್ತೇವೆ ಎಂದಿದ್ದರು. ಅವ್ವ ಉತ್ತರಕ್ಕೆ ಕಾಯುತ್ತಿದ್ದಳು.

ತಿಮ್ಮೇಶ್ ಬಣ್ಣದ ಡಬ್ಬಿ ತೆರೆದ. ಒಳಗೆ ಒಂದೊಂದಾಗಿ ಕಾಗದ ಸುತ್ತಿದ ಬಿಸ್ಕತ್ತು.

"ಅಲ್ಲಿ ಊರೂರಿಗೂ ಬೇರೆ ತಿಂಡಿ ಐತೆ. ಬೇರೆ ಊರಿಗೆ ಹೋದೋರು ಅಲ್ಲಿಂದು ತಂದು ಎಲ್ರಿಗೂ ಹಂಚ್ಬೇಕು."

ಪಕ್ಕದಲ್ಲಿ ಹೂ ಮಾರುವ ದುರುಗಕ್ಕನಿಗೆ ಒಂದು. ಬಸ್ಸಿನ ಕಂಡಕ್ಟರಿಗೆ ಒಂದು. ಅವಳಿಗೂ... ಒಂದು.

ಎಲ್ಲರಂತೆ ನಾನೂ ಒಬ್ಬಳು... ಅಷ್ಟೇನಾ?

ಕಾಗದ ಬಿಚ್ಚಲೂ ಮನಸ್ಸಾಗಲಿಲ್ಲ. ಮನೆಗೆ ಹೋದವಳೇ, "ನ್ಯಾಮತಿಯವರನ್ನ ಬರಾಕೆ ಹೇಳವ್ವ" ಎಂದುಬಿಟ್ಟಳು.

ಮರುದಿನ ಬೆಳಿಗ್ಗೆ ಮಂಜು ಇನ್ನೂ ರಸ್ತೆ ಬಿಟ್ಟಿರಲಿಲ್ಲ. ಆ ಬಿಳುಪಿನೊಳಗಿಂದ, ಕನಸಿನಿಂದ ಇಳಿದು ಬರುವವನಂತೆ ತಿಮ್ಮೇಶ್ ಅವಳ ಗಾಡಿಯತ್ತ ಓಡೋಡಿ ಬಂದ. ಕೈಯಲ್ಲಿ ಸ್ಟೀಲ್ ಡಬ್ಬಿ. ಉಗುರೆಲ್ಲ ಹಸಿರು.

"ಬೇಗ ತಿನ್ರಿ! ಇದು ಸಂಜೆಗೆ ಉಳಿಯಲ್ಲ."

ಬೆಳ್ಳಗಿನ ಅಕ್ಕಿ ಉಂಡೆಗಳ ಮೇಲೆ ಹಸಿರು ಹೂರಣ.

"ಸೆಂಡೈ ಊರಿನ ತಿಂಡಿ. ಅಲ್ಲಿ ಹಸಿ ಸೋಯಾ ಕಾಳು, ಇಲ್ಲಿ ನಮ್ಮ ಹೊಲದ ಅವರೆಕಾಳು. ನಾನೇ ಹಿಚುಕಿ, ಕುಟ್ಟಿ ಮಾಡೀನಿ."

"ಏನೋ ತಿಮ್ಮೇಶ, ಅವರೆಕಾಳು ಹಿಚುಕಾದು ಕಲಿಯಾಕೆ ಜಪಾನಿಗೆ ಹೋಗಿದ್ದೇನೋ!" ದುರುಗಕ್ಕ ನಕ್ಕಳು.

ದುರ್ಗಾಂಬಿಕಾ ನಗಲಿಲ್ಲ. "ನಿನ್ನೆನೇ ಕೊಟ್ರಲ್ಲ, ಎಲ್ರ ಜೊತೆ..."

"ಅದು ಊರಿಗೆ. ಇದು ನಿಮಗೆ." ಅವನ ದನಿ ತಗ್ಗಿತು. "ಅಲ್ಲಿ ಮೊದಲ ಸಲ ತಿಂದಾಗ ನಿಮ್ಮ ನೆನಪೇ ಬಂತು. ಇದೂ ನಿಮ್ಮ ಮಂಡಕ್ಕಿ ಥರಾನೇ, ಪಾರ್ಸಲ್ ಆಗಲ್ಲ. ತರಾಕೆ ಬೇರೆ ದಾರಿ ಇರ್ಲಿಲ್ಲ... ಕಲ್ತ್ಕಂಡು ಬಂದೆ."

ಒಂದು ತುತ್ತು ಬಾಯಿಗಿಟ್ಟಳು. ಮೆತ್ತಗೆ, ಸಿಹಿಯಾಗಿ ಕರಗಿತು... ಕಣ್ಣೂ ಅದರ ಜೊತೆಗೇ.

"ಚಿಟಿಕೆ ಉಪ್ಪು ಬೇಕಿತ್ತು."

"ನಾಳೆ ಹಾಕ್ತೀನಿ."

"ನಾಳೆ ನ್ಯಾಮತಿಯವರು ಬರ್ತಾರೆ. ನನ್ನ ನೋಡಾಕೆ."

ಅವನ ಮುಖ ಬಾಡಿತು.

"ನೀವು... ಒಪ್ಕಂಡ್ರಾ? ನಿಮ್ಮನ್ನ ಕೇಳಬೇಕು ಅಂತಾನೇ ಅಷ್ಟು ದೂರದಿಂದ ಬಂದೀನಿ, ಅಂಬಿಕಾ. ನನ್ನನ್ನ ಮದುವೆ ಆಗ್ತೀರಾ?"

ಅವಳು ಸೆರಗಿನಲ್ಲಿ ಕೈ ಒರೆಸಿ ಫೋನ್ ಎತ್ತಿಕೊಂಡಳು.

"ಅವ್ವಾ... ನ್ಯಾಮತಿಯವರು ಬರಾದು ಬ್ಯಾಡ ಅನ್ನು. ಯಾಕೆ ಅಂತ ಮನೆಗೆ ಬಂದು ಹೇಳ್ತೀನಿ."

ಆಮೇಲೆ ಕೆಂಪಾದ ಮುಖವನ್ನು ತಗ್ಗಿಸಿ, ಮಂಡಕ್ಕಿಗೆ ಖಾರ, ಈರುಳ್ಳಿ ಹಾಕಿ ಕಲಸತೊಡಗಿದಳು.

"ಮತ್ತೆ ಯಾವಾಗ ಹೊರಡ್ತೀರಿ? ಪಾರ್ಸಲ್ ಕಟ್ಲಾ?"

ತಿಮ್ಮೇಶ್ ಗಾಡಿಯ ಪಕ್ಕದ ಸ್ಟೂಲ್ ಎಳೆದುಕೊಂಡು ಕುಳಿತ.

"ಪಾರ್ಸಲ್ ಬ್ಯಾಡ. ಇಲ್ಲೇ ತಿಂತೀನಿ."

"ಇವತ್ತೊಂದಿನಾನಾ?"

"ದಿನಾ..."