ಚೂರ್ಣಿ ನದಿಯ ಎಡದಾರಿ

"ಅಕ್ಕಾ, ಪ್ಯಾಡಲ್ ಉಲ್ಟಾ ಹಿಡ್ಕೊಂಡಿದ್ದೀರ!"

"ಹೌದಾ? ಇದಕ್ಕೂ ಉಲ್ಟಾ ಸೀದಾ ಅಂತ ಇರತ್ತಾ?"

"ಅಗಲ ಇರೋದು ನೀರಿಗೆ. ಕೈಗಲ್ಲ!"

ಕನೂ ಇನ್ನೊಂದು ಸುತ್ತು ತಿರುಗಿತು. ದಡದಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡತೊಡಗಿದರು. ಇಬ್ಬರು ಹುಡುಗರು ಚಪ್ಪಾಳೆ ತಟ್ಟಿದರು. ಇಂಚರಳಿಗೆ ಲೈಫ್ ಜಾಕೆಟ್ಟಿನೊಳಗೆ ಮುಖ ಹುದುಗಿಸಿಕೊಳ್ಳೋಣ ಅನ್ನಿಸಿತು.

ಕನೂ ಅಂದರೆ ಉದ್ದನೆಯ, ತೆಳ್ಳನೆಯ ದೋಣಿ. ಮುಂದೊಬ್ಬರು, ಹಿಂದೊಬ್ಬರು ಕೂರಬೇಕು. ಮುಂದಿನವರು ಸುಮ್ಮನೆ ನೀರು ಎಳೆಯಬೇಕು, ಹಿಂದಿನವರು ದಾರಿ ಹಿಡಿಸಬೇಕು. ಹಿಂದೆ ಕೂತಿದ್ದವಳು ಐದನೇ ಕ್ಲಾಸಿನ ಇಂಚರ. ಮುಂದೆ ಕೂತಿದ್ದವಳು ಕೋಲ್ಕತ್ತದ ಸಾಲ್ಟ್ ಲೇಕಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದ ಶ್ರೀವಿದ್ಯಾ.

"ನನ್ನ ಆಂಟಿ ಅನ್ಬೇಡ ಆಯ್ತಾ, ಅಕ್ಕ ಅನ್ನು" ಎಂದು ಅವಳು ಬೆಳಿಗ್ಗೆಯೇ ಹೇಳಿದ್ದಳು. ಆಮೇಲೆ ಮಾತು ನಿಲ್ಲಿಸಿರಲೇ ಇಲ್ಲ. ಅದು ಯಾವ ಹಕ್ಕಿ? ಈ ನೀರಲ್ಲಿ ಹಾವು ಇರತ್ತಾ? ನಿಮ್ಮ ಸ್ಕೂಲಲ್ಲಿ ಬಂಗಾಲಿ ಕಲಿಸ್ತಾರಾ? ಹಾವು ಇದ್ರೆ ಮೇಲೆ ಹತ್ತತ್ತಾ?

ಪ್ರತಿ ವರ್ಷ ಜನವರಿಯಲ್ಲಿ ಇಂಚರಳ ಅಪ್ಪ ಶಂಕರಲಿಂಗ ಗೆಳೆಯರ ಜೊತೆ ಚೂರ್ಣಿ ನದಿಗೆ ಬರುತ್ತಿದ್ದರು. ಗಾರ್ಡನ್ ರೀಚ್‌ನಲ್ಲಿ ಹಡಗು ಕಟ್ಟುವ ಕಡೆ ಕೆಲಸ ಮಾಡುವ ಅವರಿಗೆ ನೀರೆಂದರೆ ಪ್ರಾಣ. ಬೋಟ್ ಕ್ಲಬ್ಬಿನ ಸ್ನೇಹಿತರಿಂದ ಮೂರು ಕನೂ ತಂದು, ಶನಿವಾರ ಇಡೀ ದಿನ ಹುಟ್ಟು ಹಾಕಿ, ರಾತ್ರಿ ಮಾವಿನ ತೋಪಿನಲ್ಲಿ ಟೆಂಟ್ ಹಾಕಿ, ಭಾನುವಾರ ಮನೆಗೆ ವಾಪಸ್. ಅಮ್ಮ ಜಲಜಾಗೆ ನೀರು ಕಂಡರೆ ಆಗದು. ಅವಳು ತಿಂಡಿ ಕಟ್ಟಿಕೊಟ್ಟು ಟಾಲಿಗಂಜ್‌ನ ಮನೆಯಲ್ಲೇ ಉಳಿಯುತ್ತಿದ್ದಳು.

ಇಂಚರಳ ಕನೂದಲ್ಲಿ ಯಾವಾಗಲೂ ಮುಂದೆ ಕೂರುತ್ತಿದ್ದವಳು ಪೂರ್ವಿ. ಅವರ ಕನೂನೇ ಎಲ್ಲರಿಗಿಂತ ಮುಂದೆ. ಆದರೆ ಪೂರ್ವಿಯ ಅಪ್ಪ ನರಸಿಂಹಮೂರ್ತಿ ಅಂಕಲ್ ರೈಲ್ವೆಯವರು. ಜೂನ್‌ನಲ್ಲಿ ಅವರಿಗೆ ಬಿಲಾಸಪುರಕ್ಕೆ ಟ್ರಾನ್ಸ್‌ಫರ್ ಆಯಿತು. ಅವರ ಜೊತೆ ಕ್ಯಾಂಪಿಗೆ ಬರುತ್ತಿದ್ದ ಬಾರಾನಗರದ ಚಂದ್ರಶೇಖರ ಅಂಕಲ್ ಮನೆಯವರು ಅದಕ್ಕೂ ಮೊದಲೇ ದೆಹಲಿಗೆ ಹೋಗಿದ್ದರು.

"ಹಾಗಾದ್ರೆ ಈ ಸಲ ಕ್ಯಾಂಪ್ ಬೇಡ ಬಿಡಿ ಅಪ್ಪಾ" ಅಂದಿದ್ದಳು ಇಂಚರ.

ಅಪ್ಪ ಕೇಳಬೇಕಲ್ಲ! ಕನ್ನಡದವರ ಸಂಕ್ರಾಂತಿ ಊಟದಲ್ಲಿ ಸಿಕ್ಕ ಮೂವರನ್ನು ಕರೆದುಬಿಟ್ಟರು. ಶ್ರೀವಿದ್ಯಾ, ಭರತೇಶ, ಬಸು. ಮೂವರೂ ಒಂದೇ ಕಂಪನಿ. ಮೂವರೂ ಹುಟ್ಟಿದ ಮೇಲೆ ದೋಣಿ ಹತ್ತಿರಲಿಲ್ಲ.

"ಏನವಾ ಇಂಚರಾ, ಇನ್ನ ಎಷ್ಟ್ ದೂರ ಐತಿ?" ಹಿಂದಿನ ಕನೂದಿಂದ ಬಸು ಕೂಗಿದ. ಅವನು ಧಾರವಾಡದವನು. ಬಸು ಅನ್ನುವುದು ಬಂಗಾಲಿಗಳ ಮನೆತನದ ಹೆಸರೂ ಹೌದು, ಹಾಗಾಗಿ ಕೋಲ್ಕತ್ತದವರೆಲ್ಲ ಅವನನ್ನು ಬಂಗಾಲಿ ಅಂದುಕೊಂಡು ಗಡಗಡ ಮಾತಾಡುತ್ತಿದ್ದರು. "ನನಗ ಬಂಗಾಲಿ ಬರೂದಿಲ್ಲ ಅಂತ ಹೇಳಾಕೂ ಬಂಗಾಲಿ ಬರೂದಿಲ್ಲ" ಎಂದು ಅವನು ಗೋಳಾಡುತ್ತಿದ್ದ.

"ನಾವಿನ್ನೂ ಶುರುನೇ ಮಾಡಿಲ್ಲ ಅಂಕಲ್" ಅಂದಳು ಇಂಚರ, ಹಲ್ಲು ಕಚ್ಚಿಕೊಂಡು.

ಅಂತೂ ಕನೂಗಳು ಹೊರಟವು. ನೆಟ್ಟಗಲ್ಲ, ಕುಡಿದವರ ಹಾಗೆ ಒಮ್ಮೆ ಈ ದಡಕ್ಕೆ, ಒಮ್ಮೆ ಆ ದಡಕ್ಕೆ. ಬಸು ಮತ್ತು ಭರತೇಶರ ಕನೂ ಸಾಸಿವೆ ಹೊಲದ ಬದಿಯ ಕೆಸರಿಗೆ ಹೋಗಿ ಕೂತಿತು. ಅಪ್ಪ ಎಳೆದು ಬಿಡಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ಅದೇ ತರಹ ಕೂತಿತು. ಫೋಟೋ ತೆಗೆಯಲು ಎದ್ದು ನಿಂತ ಬಸುವಿನ ಕನ್ನಡಕ ನೀರಿಗೆ ಬಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಸುವೂ ನಕ್ಕ. ಇಂಚರ ಮಾತ್ರ ನಗಲಿಲ್ಲ. ಪೂರ್ವಿ ಇದ್ದಿದ್ದರೆ ಇಷ್ಟು ಹೊತ್ತಿಗೆ ರೈಲ್ವೆ ಸೇತುವೆ ದಾಟಿರುತ್ತಿದ್ದೆವು ಅಂದುಕೊಂಡಳು.

ದಡದಲ್ಲಿ ಕೂತು ಪುಳಿಯೋಗರೆ ತಿನ್ನುವಾಗ ಅಪ್ಪ ಹೇಳಿದರು. "ನೋಡಿ, ಇವತ್ತು ಬೇಗ ಕ್ಯಾಂಪ್ ಸೇರ್ಬೇಕು. ಭರತೇಶ ಸೂರ್ಯ ಮುಳುಗಿದ ಮೇಲೆ ಊಟ ಮಾಡಲ್ಲ. ಹಾಗಾಗಿ ಬೆಳಕಿರೋವಾಗ್ಲೇ ಅಡಿಗೆ, ಊಟ ಎರಡೂ ಮುಗಿಸೋಣ."

"ಬೆಳಕಲ್ಲಿ ಊಟಾನಾ?" ಇಂಚರಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಮತ್ತೆ ಕ್ಯಾಂಪ್‌ಫೈರ್? ನಾವು ಆಲ್ವೇಸ್ ಬೆಂಕಿ ಮುಂದೆ ಕೂತ್ಕೊಂಡು ತಿನ್ನೋದು!"

"ಬೆಂಕಿ ಆಮೇಲೆ ಹಾಕಿದ್ರಾಯ್ತು. ಮತ್ತೆ ಕಿಚಡಿಗೆ ಆಲೂಗಡ್ಡೆ, ಈರುಳ್ಳಿ ಹಾಕಲ್ಲ."

"ಆಲೂಗಡ್ಡೇನೂ ಇಲ್ವಾ!"

ಭರತೇಶ ಮುಜುಗರದಿಂದ ಮೂಗು ಉಜ್ಜಿಕೊಂಡ. "ಸಾರಿ ಪುಟ್ಟ. ನಮ್ಮ ಮನೇಲಿ ಚಿಕ್ಕ ವಯಸ್ಸಿಂದ ಹಾಗೇ. ನಾವು ಜೈನರು. ನೀವು ಹಾಕ್ಕೊಳ್ಳಿ ಸರ್, ನಾನು ಬರೀ ಅನ್ನ ತಿಂತೀನಿ."

"ಛೆ, ಎಲ್ಲಾದ್ರೂ ಉಂಟಾ" ಎಂದರು ಅಪ್ಪ.

ಇಂಚರ ಎದ್ದು ಹೋಗಿ ಕನೂದಲ್ಲಿ ಕೂತಳು. ಇದು ಯಾರ ಕ್ಯಾಂಪು? ಐದು ವರ್ಷದಿಂದ ಬರುತ್ತಿರುವವಳ ಮಾತು ಯಾರಿಗೂ ಬೇಡ. ಪ್ಯಾಡಲ್ ಉಲ್ಟಾ ಹಿಡಿಯುವವರಿಗಾಗಿ ಎಲ್ಲ ರೂಲ್ಸೂ ಬದಲು!

ಮಧ್ಯಾಹ್ನದ ಬಿಸಿಲು ಇಳಿಯುವಾಗ ನದಿಯ ನಡುವೆ ಹುಲ್ಲು ಬೆಳೆದ ದೊಡ್ಡ ದಿಬ್ಬ ಕಂಡಿತು. ಅದರ ಬಲಕ್ಕೆ ಅಗಲವಾದ ನೀರು. ಎಡಕ್ಕೆ ಸಣ್ಣ ದಾರಿ. ಅದರ ಮೇಲೆ ಎರಡೂ ಕಡೆಯ ಬಿದಿರು ಬಾಗಿ ಸುರಂಗದ ಹಾಗೆ ಕಾಣುತ್ತಿತ್ತು. ಅದು ಇಂಚರ ಮತ್ತು ಪೂರ್ವಿಯ ದಾರಿ. ಆ ಕಡೆಯಿಂದ ಹೋದರೆ ಮಾವಿನ ತೋಪು ಬೇಗ ಬರುತ್ತದೆ.

ಅಪ್ಪ ತುಂಬ ಹಿಂದೆ ಉಳಿದಿದ್ದರು. ಟೆಂಟು, ಪಾತ್ರೆಗಳೆಲ್ಲ ಅವರ ಕನೂದಲ್ಲಿದ್ದವು. ಸಡಿಲವಾದ ಹಗ್ಗವನ್ನು ಬಿಗಿ ಮಾಡಲು ದಡದ ಹತ್ತಿರ ನಿಂತಿದ್ದರು.

"ಎಡಗಡೆ!" ಇಂಚರ ಕೈಬೀಸಿ ಬಸು, ಭರತೇಶರನ್ನು ಕರೆದಳು. "ಫಾಲೋ ಮೀ!"

ಶ್ರೀವಿದ್ಯಾ ಕಣ್ಣು ಕಿರಿದು ಮಾಡಿ ನೋಡಿದಳು. "ಇಂಚರಾ, ಅಲ್ಲಿ ಮುಂದೆ ಎಲ್ಲ ಹಸಿರು ಕಾಣ್ತಿದೆಯಲ್ಲ? ನೀರೇ ಕಾಣ್ತಿಲ್ಲ."

"ಕಚುರಿಪಾನಾ ಅದು. ನೀರ ಮೇಲೆ ತೇಲೋ ಕಳೆ. ಸುಮ್ನೆ ತಳ್ಕೊಂಡು ಹೋಗ್ಬಹುದು."

"ತುಂಬಾ ಇದೆ ಅನ್ಸತ್ತೆ. ನಿಮ್ಮಪ್ಪ ಬರ್ಲಿ, ಕೇಳೋಣ."

"ನಿಮಗೇನು ಗೊತ್ತು ಅಕ್ಕಾ? ನಾನು ಐದು ಸಲ ಬಂದಿದ್ದೀನಿ. ನೀವು ಫಸ್ಟ್ ಟೈಮ್!"

ಶ್ರೀವಿದ್ಯಾ ಬೆಳಿಗ್ಗೆಯಿಂದ ಮೊದಲ ಬಾರಿಗೆ ಸುಮ್ಮನಾದಳು.

ಮೊದಲು ಕಳೆ ಅಲ್ಲೊಂದು ಇಲ್ಲೊಂದು ಇತ್ತು. ಆಮೇಲೆ ಕನೂದ ಎರಡೂ ಬದಿಗೆ ಒತ್ತಿಕೊಂಡಿತು. ಆಮೇಲೆ ಹುಟ್ಟು ಹಾಕಿದರೆ ನೀರು ಸಿಗಲಿಲ್ಲ, ಬರೀ ಎಲೆ, ಬರೀ ಬೇರು. ಕನೂ ನಿಂತಿತು. ಹಿಂದಿನಿಂದ ಬಂದ ಬಸು ಮತ್ತು ಭರತೇಶರ ಕನೂ ಢಬ್ ಎಂದು ಗುದ್ದಿ, ಅದೂ ಸಿಕ್ಕಿಕೊಂಡಿತು. ಇಂಚರ ತಿರುಗಿ ನೋಡಿದಳು. ಬಂದ ದಾರಿಯೇ ಇರಲಿಲ್ಲ. ಹಸಿರು ಹಿಂದಿನಿಂದ ತೇಲಿ ಬಂದು ಮುಚ್ಚಿಕೊಂಡಿತ್ತು.

"ಹೋದ ವರ್ಷ ಹೀಗಿರ್ಲಿಲ್ಲ" ಅಂದಳು.

ಎಷ್ಟು ತಳ್ಳಿದರೂ ಕನೂ ಒಂದು ಗೇಣು ಸರಿಯಲಿಲ್ಲ. ಇಂಚರಳ ಭುಜ ನೋಯತೊಡಗಿತು. ಆಗ ಶ್ರೀವಿದ್ಯಾ ಪ್ಯಾಂಟ್ ಮಡಚಿ, ಕಣ್ಣು ಮುಚ್ಚಿಕೊಂಡು, "ಹಾವಿಲ್ಲ, ಹಾವಿಲ್ಲ, ಹಾವಿಲ್ಲ" ಎನ್ನುತ್ತ ನೀರಿಗೆ ಇಳಿದೇಬಿಟ್ಟಳು. ಕೆಸರು ತೊಡೆಯವರೆಗೆ ಬಂತು. ಒಂದು ಚಪ್ಪಲಿ ಒಳಗೇ ಹೋಯಿತು. ಅವಳು ಎರಡೂ ಕೈಯಿಂದ ಕಳೆ ಕಿತ್ತು ಕಿತ್ತು ಬದಿಗೆ ಎಸೆದಳು. ಭರತೇಶನೂ ಇಳಿದ. ಅಷ್ಟರಲ್ಲಿ ಅಪ್ಪ ಹಿಂದಿನಿಂದ ಬಂದು ಹಗ್ಗ ಎಸೆದರು.

ಎಳೆದರು, ತಳ್ಳಿದರು, ಮತ್ತೆ ಎಳೆದರು. ಒಂದು ಕನೂ ಬಿಡಿಸುವಷ್ಟರಲ್ಲಿ ಇನ್ನೊಂದು ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ಬಿದಿರಿನ ನೆರಳು ಉದ್ದವಾಗುತ್ತ ಹೋಯಿತು. ಎಲ್ಲರೂ ಹೊರಬಿದ್ದಾಗ ಸೂರ್ಯ ಕೆಂಪಗಾಗಿ ಹೊಲದಂಚಿಗೆ ಇಳಿದಿದ್ದ.

ಅಪ್ಪ ಬೈಯಲಿಲ್ಲ. "ಬಲಗಡೆಯಿಂದ ಹೋಗೋಣ" ಅಂದರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಇಂಚರಳಿಗೆ. ಅವಳು ಕೈ ನೋಯುತ್ತಿದ್ದರೂ ಬೇಗ ಬೇಗ ಹುಟ್ಟು ಹಾಕಿದಳು. ಆದರೆ ಸೂರ್ಯ ಅವಳಿಗಿಂತ ಬೇಗ ಹೋದ. ತೋಪು ತಲುಪಿದಾಗ ಆಕಾಶದಲ್ಲಿ ಬರೀ ಬೂದು ಬಣ್ಣ.

ಭರತೇಶ ಒಮ್ಮೆ ಪಶ್ಚಿಮಕ್ಕೆ ನೋಡಿ, ಟೆಂಟಿನ ಗೂಟ ಹೊಡೆಯಲು ಹೋದ.

"ಏನ್ ಮಾಡೋದೋ ಭರತೇಶ?" ಅಪ್ಪ ಪೇಚಾಡಿದರು. "ಒಂದು ದಿನ ನಡೆಯಲ್ವೇನಪ್ಪ?"

"ನಾಳೆ ಬೆಳಿಗ್ಗೆ ತಿಂತೀನಿ ಸರ್. ಮಧ್ಯಾಹ್ನದ ಪುಳಿಯೋಗರೆ ಇನ್ನೂ ಹೊಟ್ಟೇಲೇ ಇದೆ. ನೀವು ಆರಾಮಾಗಿ ಮಾಡ್ಕೊಳ್ಳಿ."

ಬೆಂಕಿ ಹೊತ್ತಿತು. ಕತ್ತಲೂ ಬಂತು. ಅಪ್ಪ ಚೀಲದಿಂದ ನಾಲ್ಕು ಆಲೂಗಡ್ಡೆ ತೆಗೆದರು. "ನಿನಗೋಸ್ಕರ ತಂದಿದ್ದೆ ಇಂಚೂ. ಕೆಂಡದಲ್ಲಿ ಸುಟ್ಕೋ."

"ಕೊಡಿ ಸರ್, ನಾನು ನೋಡ್ಕೋತೀನಿ" ಎಂದು ಭರತೇಶ ಕೈಚಾಚಿದ.

"ನೀವು ತಿನ್ನಲ್ವಲ್ಲ?" ಅಂದಳು ಇಂಚರ.

"ತಿನ್ನಲ್ಲ. ಸುಟ್ಟು ಕೊಡೋಕೇನು ಪುಟ್ಟ?"

ಅವನು ಕಡ್ಡಿಯಿಂದ ಆಲೂಗಡ್ಡೆಗಳನ್ನು ಹೊರಳಿಸುತ್ತ ಕೂತ. ಕಿಚಡಿಯ ತುಪ್ಪದ ವಾಸನೆ ಗಾಳಿಯಲ್ಲಿ ತುಂಬಿತು. ಬಸುವಿಗೆ ಹಪ್ಪಳ ಸುಟ್ಟುಕೊಟ್ಟ. ಶ್ರೀವಿದ್ಯಾಳಿಗೆ ಎರಡನೇ ಸಲ ಬಡಿಸಿದ. ಆಲೂಗಡ್ಡೆಯ ಕಪ್ಪು ಸಿಪ್ಪೆ ಸುಲಿದು, ಉಪ್ಪು ಸವರಿ ಇಂಚರಳ ತಟ್ಟೆಗಿಟ್ಟ. "ಬಿಸಿ ಇದೆ, ಹುಷಾರು."

ಕತ್ತಲು, ಬೆಂಕಿ, ಸುಟ್ಟ ಆಲೂಗಡ್ಡೆ. ಎಲ್ಲ ಅವಳು ಕೇಳಿದ ಹಾಗೆಯೇ ಆಗಿತ್ತು. ಇಂಚರ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ತಟ್ಟೆಯ ಅಂಚಿಗೆ ಸರಿಸಿದಳು.

ಟೆಂಟಿನಲ್ಲಿ ಶ್ರೀವಿದ್ಯಾ ಮಲಗಿಕೊಂಡು ಮತ್ತೆ ಮಾತು ಶುರುಮಾಡಿದಳು. ಚಪ್ಪಲಿಯ ಮಾತು, ಕೆಸರಿನ ಮಾತು. ಇದ್ದಕ್ಕಿದ್ದಂತೆ ನಿಲ್ಲಿಸಿ ಕೇಳಿದಳು. "ನಾನು ತುಂಬಾ ಮಾತಾಡ್ತೀನಿ ಅಲ್ವಾ?"

ಇಂಚರ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು.

"ಏನ್ ಗೊತ್ತಾ, ನಾನಿಲ್ಲಿಗೆ ಬಂದು ನಾಲ್ಕು ತಿಂಗಳಾಯ್ತು. ಪಿಜಿಯಲ್ಲಿ ನನ್ನ ರೂಂಮೇಟ್ ಅಸ್ಸಾಂ ಹುಡುಗಿ. ಸಂಡೇ ಬಂದ್ರೆ ಇಡೀ ದಿನ ಒಂದು ಕನ್ನಡ ಮಾತಿಲ್ಲ. ಇವತ್ತು ಸಿಕ್ತಲ್ಲ, ಎಲ್ಲ ಖರ್ಚು ಮಾಡ್ಬಿಟ್ಟೆ." ಶ್ರೀವಿದ್ಯಾ ನಕ್ಕಳು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು.

ಇಂಚರ ಪೂರ್ವಿಯನ್ನು ನೆನೆದಳು. ಬಿಲಾಸಪುರದ ಹೊಸ ಸ್ಕೂಲಿನಲ್ಲಿ ಅವಳಿಗೆ ಯಾರು ಯಾರು "ನಿನಗೇನು ಗೊತ್ತು" ಅಂದಿರಬಹುದು?

ಬೆಳಗಾಗುವ ಮೊದಲೇ ಅವಳಿಗೆ ಎಚ್ಚರವಾಯಿತು. ಅಮ್ಮ ಕೊಟ್ಟಿದ್ದ ಅವಲಕ್ಕಿಯ ಚೀಲ ಹಿಡಿದು ಹೊರಬಂದಳು. ಪಾತ್ರೆಗೆ ಸುರಿದುಕೊಂಡ ಮೇಲೆ, ಎಷ್ಟು ನೀರು ಹಾಕಬೇಕೆಂದು ತನಗೆ ಗೊತ್ತಿಲ್ಲ ಎಂದು ಗೊತ್ತಾಯಿತು. ಟೆಂಟಿಗೆ ಹೋಗಿ ಶ್ರೀವಿದ್ಯಾಳ ಭುಜ ಅಲುಗಿಸಿದಳು. "ಅಕ್ಕಾ, ಸ್ವಲ್ಪ ಬರ್ತೀರಾ? ನಂಗೆ ಬರಲ್ಲ."

ಶ್ರೀವಿದ್ಯಾ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಬಂದಳು. ಅವಲಕ್ಕಿ ನೆನೆಸಿ ಹಿಂಡಿದಳು. ಖರ್ಜೂರದ ಹೊಸ ಬೆಲ್ಲ, ಕೊಬ್ಬರಿ ಬೆರೆಸಿದಳು. ಇಂಚರ ತಟ್ಟೆ ತುಂಬಿಸಿಕೊಂಡು ನದಿಯ ಅಂಚಿಗೆ ಓಡಿದಳು. ಭರತೇಶ ಆಗಲೇ ಎದ್ದು, ಮಂಕಿ ಕ್ಯಾಪ್ ಹಾಕಿಕೊಂಡು ಅಲ್ಲಿ ಕೂತಿದ್ದ.

ಆದರೆ ಸೂರ್ಯ ಎಲ್ಲಿ? ನದಿ, ಹೊಲ, ಆಕಾಶ ಎಲ್ಲ ಮಂಜಿನಲ್ಲಿ ಒಂದೇ ಆಗಿದ್ದವು.

"ಹುಟ್ಟಿರಬೇಕಲ್ವಾ? ಬೆಳಕಾಯ್ತಲ್ಲ!"

"ಸೂರ್ಯ ಕಾಣ್ಲಿ ಪುಟ್ಟ, ಆಮೇಲೇ ತಿನ್ನೋದು. ಏನವಸರ?"

ಇಂಚರ ಎಡಕ್ಕೆ ಹೋಗಿ ನೋಡಿದಳು. ಬಲಕ್ಕೆ ಹೋಗಿ ನೋಡಿದಳು. ಮಗುಚಿಟ್ಟ ಕನೂ ಮೇಲೆ ಹತ್ತಿ ನೋಡಿದಳು. "ಈ ಸೂರ್ಯನಿಗೆ ಏನಾಗಿದೆ! ನಿನ್ನೆ ಮುಳುಗೋಕೆ ಮಾತ್ರ ಅಷ್ಟು ಅರ್ಜೆಂಟ್!"

"ಸಂಡೇ ಅಲ್ಲೇನವಾ, ಲೇಟಾಗಿ ಏಳ್ತಾನ" ಎಂದು ಟೆಂಟಿನೊಳಗಿಂದ ಬಸು ಗೊಣಗಿದ.

ಆಗ ಆಚೆ ದಡದ ಖರ್ಜೂರದ ಮರಗಳ ಹಿಂದೆ ಮಂಜು ಸ್ವಲ್ಪ ತೆಳುವಾಯಿತು. ಬೆಳ್ಳಗೆ, ದುಂಡಗೆ, ಚಂದ್ರನ ಹಾಗೆ ಏನೋ ಒಂದು ಕಂಡಿತು.

"ಬಂತು! ಭರತೇಶಣ್ಣಾ, ಬಂತು! ತಗೊಳ್ಳಿ!"

ಭರತೇಶ ಅದನ್ನು ನೋಡಿ, ಕಣ್ಣು ಮುಚ್ಚಿ ಒಂದು ಕ್ಷಣ ಕೈಮುಗಿದ. ತಟ್ಟೆ ತೆಗೆದುಕೊಂಡ. ತಲೆ ಎತ್ತಲಿಲ್ಲ. ಒಂದರ ಹಿಂದೊಂದು ತುತ್ತು, ಸರಿಯಾಗಿ ಅಗಿಯಲೂ ಪುರುಸೊತ್ತಿಲ್ಲದವನ ಹಾಗೆ ತಿಂದ.

ರಾತ್ರಿ ಹಸಿವೇ ಇಲ್ಲದವನ ಹಾಗೆ ಎಲ್ಲರಿಗೂ ಬಡಿಸಿದ್ದನಲ್ಲ!

ಇಂಚರ ಅವನನ್ನೇ ನೋಡುತ್ತ ನಿಂತಳು. ಶ್ರೀವಿದ್ಯಾ ಇಂಚರಳ ಪಾಲಿನ ತಟ್ಟೆ ತಂದು ಅವಳ ಕೈಗಿಟ್ಟಳು. ಭರತೇಶನ ತಟ್ಟೆಯಲ್ಲಿ ಇನ್ನೆರಡೇ ತುತ್ತು ಉಳಿದಿದ್ದಾಗ, ಇಂಚರ ಹತ್ತಿರ ಹೋಗಿ ತನ್ನದನ್ನೂ ಮೆಲ್ಲಗೆ ಅದಕ್ಕೆ ಸುರಿದಳು.