ಎಡತುದಿಯ ಏಳು

"ಮನೆಗೆ ಒಬ್ಬ ಲೆಕ್ಕದ ಮಾಷ್ಟ್ರ್ ಸಾಕ್. ಮದಿ ಆದ್ಮೇಲೆ ಹೆಣ್ಣ್ ಕೆಲ್ಸ ಬಿಡ್ಕ್!"

ಹೆಣ್ಣು ನೋಡಲು ಬಂದ ಭೋಜರಾಜರು ಅವಲಕ್ಕಿ ಬಾಯಿಗಿಡುವ ಮೊದಲೇ, ಮದುವೆಯಾದರೆ ಕೆಲಸ ಬಿಡಬೇಕೆಂಬ ಷರತ್ತು ಇಟ್ಟುಬಿಟ್ಟರು.

ವಿಜೇತಾಳ ಮೈಯೆಲ್ಲ ಉರಿದುಹೋಯಿತು. ಕುಂದಾಪುರದ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು ಅವಳು. ಎದುರಿಗೆ ಕೂತ ಅವರ ಮಗ ಸುಜಿತ್ ಬೈಂದೂರಿನ ಹೈಸ್ಕೂಲಿನಲ್ಲಿ ಅದೇ ಗಣಿತದ ಮೇಷ್ಟ್ರು. ಅವನ ಕಣ್ಣು ಕಂಡ ಗಳಿಗೆಯಲ್ಲೇ ಅವಳೆದೆ ಡವಡವ ಅಂದದ್ದು ಸುಳ್ಳಲ್ಲ... ಆದರೆ ಈ ಮಹಾನುಭಾವ ತುಟಿಯೇ ಬಿಚ್ಚುತ್ತಿಲ್ಲವಲ್ಲ!

'ಬಾಯಿಗೆ ಬೀಗ ಹಾಕಿಕೊಂಡು ಬಂದಿದ್ದಾನಾ?'

ಅಮ್ಮ ಕುಸುಮಾವತಿ ಕಣ್ಣಲ್ಲೇ 'ಬೇಡ' ಅಂದರು. ಕೇಳುವವಳಾ ಇವಳು? ಕಾಲೇಜಿನ ಚೀಲದಿಂದ ಚಾಕ್‌ಪೀಸ್ ತೆಗೆದು ಜಗಲಿಯ ಕೆಂಪು ಸಿಮೆಂಟಿನ ಮೇಲೆ ದೊಡ್ಡದಾಗಿ ಬರೆದಳು: 73939133.

"ಕಾಣಿ, ಇದ್ ಅವಿಭಾಜ್ಯ ಸಂಖ್ಯೆ. ಒಂದ್ ಮತ್ತೆ ಇದೇ ಸಂಖ್ಯೆ ಬಿಟ್ರೆ ಬೇರೆ ಯಾವ್ದರಿಂದ್ಲೂ ಸರಿಯಾಗಿ ಭಾಗ ಆತಿಲ್ಲೆ."

ಬಲತುದಿಯ ಮೂರನ್ನು ಅಂಗೈಯಿಂದ ಉಜ್ಜಿದಳು. "ಈಗ್ಲೂ ಅವಿಭಾಜ್ಯ." ಇನ್ನೊಂದನ್ನು ಉಜ್ಜಿದಳು. "ಈಗ್ಲೂ!"

ಹಾಗೇ ಬಲದಿಂದ ಒಂದೊಂದೇ ಅಂಕಿ ಅಳಿಸುತ್ತ ಹೋಗಿ ಕೊನೆಗೆ ಏಳು ಮಾತ್ರ ಉಳಿಯಿತು.

"ಇದೂ ಅವಿಭಾಜ್ಯವೇ. ಎಷ್ಟ್ ತೆಗ್ದ್ರೂ ಒಡಿತಿಲ್ಲೆ. ನಾನೂ ಹಾಂಗೇ!"

ಆಗ ಸುಜಿತ್ ಎದ್ದು ಬಂದ. ಅವಳ ಕೈಯಿಂದ ಚಾಕ್‌ಪೀಸ್ ಇಸಿದುಕೊಂಡು ಇಡೀ ಸಂಖ್ಯೆಯನ್ನು ಮತ್ತೆ ಬರೆದ. ಎಡತುದಿಯ ಏಳನ್ನು ಬೆರಳಿಂದ ಒರೆಸಿದ.

"3939133. ಇದ್ ಹನ್ನೊಂದರಿಂದ ಭಾಗ ಆತ್ತ್."

ಭೋಜರಾಜರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ ಮಾಣಿ ಒಡ್ದೇ ಹಾಕ್ದ ಕಾಣಿ!"

ವಿಜೇತಾ ಸರ್ರನೆ ಹಿತ್ತಲಿಗೆ ನಡೆದಳು. ಬಾವಿಕಟ್ಟೆ ಹಿಡಿದು ನಿಂತಾಗ ಕಣ್ಣು ತುಂಬಿ ಬಂತು. 'ಎಲ್ಲರೆದುರು ನನ್ನ ಮುಖಕ್ಕೆ ಮಸಿ ಬಳಿದನಲ್ಲ... ಇಂಥವನಿಗಾ ನನ್ನ ಮನಸ್ಸು ಸೋತದ್ದು?'

"ವಿಜೇತಾ ಅವ್ರೇ..." ಸುಜಿತ್ ಹಿಂದೆಯೇ ಬಂದಿದ್ದ.

"ಎಂತ? ಒಡೂದ್ ಇನ್ನೂ ಬಾಕಿ ಇತ್ತಾ?"

"ಅಯ್ಯೋ, ನಾನ್ ಹೇಳಿದ್ದ್ ಅಪ್ಪಯ್ಯನಿಗೆ! ಉಳ್ದದ್ದ್ ಎಂತ ಬೇಕಾರೂ ತೆಗೀಲಕ್ಕ್, ಆ ಏಳನ್ನ ಮಾತ್ರ ಮುಟ್ಟುಕಾಗ. ನಿಮ್ ಪಾಠವೇ ಆ ಏಳ್. ಅದನ್ನ ಬಿಡಿಸಿ ಕರ್ಕಂಡ್ ಹೋದ್ರೆ ನಮ್ಮನೆಗೆ ಬಪ್ಪದ್ ನೀವಲ್ಲ, ಬೇರೆ ಯಾರೋ."

ವಿಜೇತಾ ಕಣ್ಣೊರೆಸಿಕೊಂಡಳು. ಆದರೆ ಅಷ್ಟಕ್ಕೆಲ್ಲ ಕರಗುವವಳಲ್ಲ ಅವಳು.

"ಹಾಂಗಾರೆ ಅಲ್ಲೇ ಬಾಯ್ಬಿಟ್ಟ್ ಹೇಳುಕೆ ಎಂತ ಆಯ್ತ್?"

"ನಮ್ಮನೆಯಗೆ ಅಪ್ಪಯ್ಯನಿಗೆ ಯಾರೂ ಎದ್ರ್ ಮಾತಾಡುದಿಲ್ಲೆ. ಲೆಕ್ಕದಗೆ ಹೇಳ್ರೆ ಅರ್ಥ ಮಾಡ್ಕಂತ್ರ್ ಅಂದ್ಕಂಡೆ..."

"ಅವ್ರಿಗೆ ಅರ್ಥ ಆಯ್ತಾ?"

"ಇಲ್ಲೆ..."

"ನಂಗೂ ಆಯ್ಲಿಲ್ಲೆ! ಲೆಕ್ಕದಗೆ ಹೇಳುವವ ನಂಗ್ ಬ್ಯಾಡ, ಬಾಯಗೆ ಹೇಳುವವ ಬೇಕ್."

ಸುಜಿತ್ ಅವಳನ್ನೇ ನೋಡಿದ. ತಿರುಗಿ ಸೀದಾ ಜಗಲಿಗೆ ನಡೆದ. ವಿಜೇತಾ ಬಾಗಿಲ ಮರೆಯಲ್ಲಿ ನಿಂತಳು.

"ಅಪ್ಪಯ್ಯ, ಇವ್ರ್ ಕೆಲ್ಸ ಬಿಡುದಿಲ್ಲೆ. ಒಬ್ರ್ ಬಿಡ್ಕೇ ಅಂದ್ರೆ ನಾನ್ ಬಿಡ್ತೆ!"

ಭೋಜರಾಜರು ಮಗನನ್ನು ಮೇಲಿಂದ ಕೆಳಗೆ ನೋಡಿದರು. ಇಷ್ಟು ವರ್ಷದಲ್ಲಿ ಮಗನ ದನಿ ಹೀಗೆ ಏರಿದ್ದು ಅವರು ಕೇಳಿರಲೇ ಇಲ್ಲ.

"ಇಬ್ರೂ ಕೆಲ್ಸ ಮಾಡ್ಕಣಿ ಮಾರಾಯ್ರೆ! ಮೊದ್ಲ್ ನಂಗೊಂದ್ ಲೋಟ ಚಾ ಕೊಡಿ."

ಚಾ ತಂದವಳು ಸುಜಿತ್‌ನ ಎದುರು ಬಾಗಿ ಮೆಲ್ಲಗೆ ಕೇಳಿದಳು, "ಅವಲಕ್ಕಿ ಎಂತಕ್ಕೆ ಹಾಂಗೇ ಬಿಟ್ರಿ?"

"ನೀವಿನ್ನೂ ಒಪ್ಪಿಗೆ ಅಂತ ಹೇಳ್ಲಿಲ್ಲೆ ಅಲ್ದಾ..."

"ನಿಮ್ಮನ್ನ ಕಂಡ ಗಳಿಗೆಗೇ ಒಪ್ಪಿದ್ದೆ ಮಾರಾಯ್ರೆ! ನಿಮ್ ಬಾಯಿಂದ ಆ ಮಾತ್ ಕೇಳುಕೆ ಕಾದದ್ದ್."