ಚಹಾ ಬರುವ ಮೊದಲೇ ಎದ್ದ ಕಂಪ್ಯೂಟರ್

ಹಂಪಸಾಗರದ ಆ ಮನೆಯ ಹಿತ್ತಲ ಬಾಗಿಲು ತೆರೆದೇ ಇತ್ತು. ಹೊಸ್ತಿಲ ಮೇಲೆ ಒಂದೇ ಚಪ್ಪಲಿ. ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆಗೆ ಹತ್ತಿತ್ತು. ಕೋಮಲಾ ಇರಲಿಲ್ಲ.

ಬೆಳಗ್ಗೆ ಏಳಕ್ಕೆ ಬಿಳಿ ಕಾರೊಂದು ಬಂದು ಹೋದದ್ದನ್ನು ಪಕ್ಕದ ಮನೆಯವರು ನೋಡಿದ್ದರು. ಎಂಟಕ್ಕೆ ಪಿಎಸ್‌ಐ ವಾಣಿಶ್ರೀ ಅಲ್ಲಿದ್ದಳು. ಯಾರ ಕೆಲಸವೆಂದು ತಲೆ ಕೆರೆದುಕೊಳ್ಳಬೇಕಿರಲಿಲ್ಲ. ತೆಲಿಗಿಯ ಗವಿಸಿದ್ದೇಶ್, ಕೋಮಲಾಳ ಗಂಡ. ಎರಡು ತಿಂಗಳ ಹಿಂದೆ ಅವಳ ಮೈಮೇಲೆ ಸೀಮೆಎಣ್ಣೆ ಸುರಿದಿದ್ದ. ಅವನು ಕಡ್ಡಿ ಗೀರುವಷ್ಟರಲ್ಲಿ ಅವಳು ಗೋಡೆ ಹಾರಿ ಓಡಿದ್ದಳು. ಇನ್ನೊಮ್ಮೆ ಸಿಕ್ಕರೆ ಬಿಡುವುದಿಲ್ಲ ಎಂದು ಆತ ಊರ ಕಟ್ಟೆಯ ಮೇಲೆ ಕೂತೇ ಹೇಳಿದ್ದ. ಈಗ ಅವನ ಮನೆಗೆ ಬೀಗ, ಫೋನ್ ಬಂದ್.

ಕೋಮಲಾ ಅಲ್ಲಿರುವುದು ಅವನಿಗೆ ಹೇಗೆ ಗೊತ್ತಾಯಿತು? ಹೆತ್ತ ತಾಯಿ ಮಂಜಮ್ಮನಿಗೂ ಯಾರೂ ಹೇಳಿರಲಿಲ್ಲ. ಮಹಿಳಾ ಸಹಾಯ ಕೇಂದ್ರ ಹಾಗೆ ಅಡಗಿಸಿಟ್ಟ ಹನ್ನೊಂದು ಹೆಂಗಸರ ವಿಳಾಸ ಇದ್ದದ್ದು ಒಂದೇ ಕಡೆ, ಕೊಟ್ಟೂರಿನ ಹಳೆಯ ಕಂಪ್ಯೂಟರೊಂದರಲ್ಲಿ, ಬೀಗ ಹಾಕಿದ ಪಟ್ಟಿಯಲ್ಲಿ. ಆ ಬೀಗದ ಪಾಸ್‌ವರ್ಡ್ ಗೊತ್ತಿದ್ದದ್ದು ಪಟ್ಟಿ ನೋಡಿಕೊಳ್ಳುತ್ತಿದ್ದ ಸಲ್ಮಾಗೆ ಮಾತ್ರ.

*

ಶಿವಯೋಗಪ್ಪನ ಅಂಗಡಿಯಲ್ಲಿ ಮುಂದೆ ಜೆರಾಕ್ಸ್, ಹಿಂದೆ ಆ ಕಂಪ್ಯೂಟರ್. ಹಗಲೆಲ್ಲ ಗಿರಾಕಿಗಳು ಕೂತು ಅರ್ಜಿ ತುಂಬುತ್ತಿದ್ದರು. ಬಿಡುವಾದಾಗ ಅಲ್ಲೇ ಕೆಲಸಕ್ಕಿದ್ದ ಸಲ್ಮಾ ಮಹಿಳಾ ಸಹಾಯ ಕೇಂದ್ರದ ಪಟ್ಟಿ ತೆರೆಯುತ್ತಿದ್ದಳು. ಕೇಂದ್ರಕ್ಕೆ ಸ್ವಂತ ಯಂತ್ರ ಇರಲಿಲ್ಲ, ಅದು ಊರಿಗೇ ಗೊತ್ತಿತ್ತು.

"ಬೇಲಿನ ಎದ್ದು ಹೊಲ ಮೇಯ್ದಂಗಾತು," ಎಂದಳು ವಾಣಿಶ್ರೀ. "ನಿನ್ನ ಫೋನಿಗೆ ತೆಲಿಗಿಯಿಂದ ಎರಡು ಸಲ ಕಾಲ್ ಬಂದೈತಿ. ಯಾರು?"

"ಮಂಜಮ್ಮ ಮಾಡಿದ್ರು ಮೇಡಂ. ಮಗಳು ಉಂಡ್ಳಾ ಅಂತ ಕೇಳಿದ್ರು. ಉಂಡ್ಳು ಅಂದೆ. ಅಷ್ಟ."

ವಾಣಿಶ್ರೀ ಮಂಜಮ್ಮನಿಗೆ ಫೋನ್ ಹಚ್ಚಿದಳು. ಮಾತು ನಿಜವಾಗಿತ್ತು. ಆದರೆ ಅದರಿಂದ ಸಲ್ಮಾ ಪಾರಾಗಲಿಲ್ಲ.

"ನನ್ನ ಒಳಗ ಹಾಕ್ರಿ ಮೇಡಂ, ಬ್ಯಾಡ ಅನ್ನಂಗಿಲ್ಲ," ಎಂದಳು ಸಲ್ಮಾ. "ಮೊದಲ ಆಕಿನ್ನ ಹುಡುಕ್ರಿ. ಸುಟ್ಟುಬಿಡ್ತಾನ."

ಅಷ್ಟರಲ್ಲಿ ಅಕ್ತರಬಿ ಬಂದಳು. ಐವತ್ತೈದರ ಹೆಂಗಸು, ಹೆಗಲಿಗೆ ಉಪಕರಣಗಳ ಚೀಲ. ಗಂಡ ರೇಡಿಯೊ ರಿಪೇರಿ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಸ್ಕ್ರೂಡ್ರೈವರ್ ಇವಳ ಕೈಗೆ ಬಂತು. ಈಗ ಕೂಡ್ಲಿಗಿಯಿಂದ ಹಡಗಲಿಯವರೆಗೆ ಹಳೆಯ ಕಂಪ್ಯೂಟರುಗಳ ನಾಡಿ ಬಲ್ಲವಳು ಇವಳೇ. ಪೊಲೀಸರೇ ಕರೆಸಿದ್ದರು.

ಅಕ್ತರಬಿ ಗುಂಡಿ ಒತ್ತಿದಳು. ರೂಢಿಯಂತೆ ಶಿವಯೋಗಪ್ಪ ಪಕ್ಕದ ಹೋಟೆಲಿಗೆ ಚಹಾ ಹೇಳಿದ. ಅದು ಆ ಅಂಗಡಿಯ ಪದ್ಧತಿ. ಚಹಾ ಬಂದು, ಕುಡಿದು, ಲೋಟ ಕೆಳಗಿಟ್ಟ ಮೇಲೇ ಪರದೆ ಏಳುತ್ತಿತ್ತು. ಎರಡು ವರ್ಷದಿಂದ ಹಾಗೇ.

ಇವತ್ತು ಚಹಾ ಬರುವ ಮೊದಲೇ ಪರದೆ ಬೆಳಗಿತು.

ಅಕ್ತರಬಿ ಪರದೆಯ ಹತ್ತಿರ ಬಾಗಿದಳು. "ಸಲ್ಮಾ, ಇದು ಯಾವಾಗಿಂದ ಹಿಂಗ?"

"ಸೋಮವಾರದಿಂದ, ಖಾಲಾ. ನಾ ಇಲ್ಲದಾಗ ನೀವು ಬಂದು ರಿಪೇರಿ ಮಾಡೀರಿ ಅಂದ್ಕೊಂಡೆ."

"ನಾ ಬಂದಿಲ್ಲವ್ವ."

*

"ನನಗ ತಿಳಿಯಂಗ ಹೇಳ್ರಿ. ಟೈಮಿಲ್ಲ," ಎಂದಳು ವಾಣಿಶ್ರೀ.

"ಹೋಟ್ಲಿನಾಗ ನೀವು ಬರೋದು ಕಂಡ ಕೂಡಲೇ ಮಿರ್ಚಿ ಎಣ್ಣಿಗೆ ಬಿಡ್ತಾರಲ್ರಿ, ನೀವು ಕೇಳೋಕ ಮೊದಲ. ಕಂಪ್ಯೂಟರಿನ ಮಿದುಳು, ಪ್ರೊಸೆಸರ್ರೂ ಹಂಗ. ಮುಂದಿನ ಕೆಲಸ ಊಹೆ ಮಾಡಿ ಮೊದಲ ಶುರು ಮಾಡ್ತೈತಿ. ಅದಕ್ಕ ಬೇಗ. ಆದ್ರ ಬಾಣಲಿ ಸಪ್ಪಳ ಕೇಳಿ ಮಗ್ಗಲ ಕುಂತವಗ ನೀವೇನು ತಿಂತೀರಿ ಅಂತ ಗೊತ್ತಾಕ್ಕೈತಿ. ಹಂಗ ಒಬ್ಬರ ಗುಟ್ಟು ಇನ್ನೊಬ್ಬರ ಪ್ರೋಗ್ರಾಂ ಓದಬಹುದು. ಈ ಹಳೇ ಮಷೀನಿಗೆ ಅದು ಹುಟ್ಟಿನಿಂದ ಬಂದ ದೋಷ. ಕಂಪನಿಯವ್ರು ಕೈ ಬಿಟ್ಟಾರ. ನಾ ಎರಡು ವರ್ಷದ ಹಿಂದ ಸಾಫ್ಟ್‌ವೇರ್ ಒಳಗ ಒಂದು ಬೇಲಿ ಹಾಕಿದ್ದೆ. ಬೇಲಿ ಹಾಕಿದ್ರ ಮಷೀನು ತೆವಳತೈತಿ."

"ಈಗ ಓಡ್ತೈತಿ ಅಂದ್ರ?"

"ಬೇಲಿ ಕಿತ್ತಾರ. ಆಮ್ಯಾಲ ಗಿರಾಕಿ ಲಾಗಿನ್‌ನಾಗ ಯಾರೋ ಪ್ರೋಗ್ರಾಂ ಬಿಟ್ಟು ಹೋಗ್ಯಾರ. ಅದು ಹಿಂದ ಓಡ್ತಾನ ಇತ್ತು. ಸೋಮವಾರ ಸಲ್ಮಾ ಬೀಗ ತೆಗೆದು ಪಟ್ಟಿ ತೆರೆದ್ಲು. ಅದು ಓದಿತು, ಕಳಿಸಿತು."

ಏನೋ ಓಡಿದ ಗುರುತು ಬಿಟ್ಟರೆ ಪ್ರೋಗ್ರಾಂ ಈಗ ಅಲ್ಲಿರಲಿಲ್ಲ, ತನ್ನನ್ನು ತಾನೇ ಅಳಿಸಿಕೊಂಡಿತ್ತು. ಆದರೆ ಬೇಲಿ ಕಿತ್ತ ಹೊತ್ತು ಯಂತ್ರದಲ್ಲಿ ಉಳಿದಿತ್ತು. ಶನಿವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಮುಖ್ಯ ಪಾಸ್‌ವರ್ಡ್ ಹಾಕಿಯೇ ಮಾಡಿದ್ದರು, ಪಟ್ಟಿಯದಲ್ಲ, ಇಡೀ ಯಂತ್ರದ್ದು.

"ಆ ಪಾಸ್‌ವರ್ಡ್ ಯಾರ‍್ಯಾರಿಗೆ ಗೊತ್ತು?"

"ನನಗ. ಸಲ್ಮಾಗ," ಎಂದಳು ಅಕ್ತರಬಿ. "ಶನಿವಾರ ನಾ ಹಡಗಲಿಯಾಗ ಇದ್ದೆ."

"ನಾ ಊಟಕ್ಕ ಮನಿಗೆ ಹೋಗಿದ್ದೆ," ಎಂದಳು ಸಲ್ಮಾ.

"ಯಾರು ನೋಡ್ಯಾರ?"

"ನಮ್ಮ ಅಮ್ಮಿ."

"ಅಮ್ಮಿ ಸಾಕ್ಷಿ ನಡಿಯಂಗಿಲ್ಲ," ಎಂದು ವಾಣಿಶ್ರೀ ಜೀಪಿನ ಕಡೆ ಕೈ ತೋರಿಸಿದಳು. ಆಗಲೇ ಒಂದೂವರೆ ಗಂಟೆ. ಪೇದೆ ಬಂದು ಸಲ್ಮಾಳ ಪಕ್ಕ ನಿಂತ.

*

ಅಕ್ತರಬಿ ಕಂಪ್ಯೂಟರಿನ ಪೆಟ್ಟಿಗೆಯನ್ನು ತನ್ನ ಕಡೆ ತಿರುಗಿಸಿದಳು. ರಿಪೇರಿ ಮುಗಿದ ಮೇಲೆ ಸ್ಕ್ರೂ ತಲೆಗೆ ಕೆಂಪು ನೇಲ್ ಪಾಲಿಶ್‌ನ ಒಂದು ಚುಕ್ಕೆ ಇಡುವುದು ಅವಳ ಅಭ್ಯಾಸ. ಆ ಚುಕ್ಕೆ ಬಿರುಕು ಬಿಟ್ಟಿತ್ತು. ಯಾರೋ ಬಿಚ್ಚಿದ್ದರು.

ಅವಳಿಗೆ ಇನ್ನೊಂದು ಅಭ್ಯಾಸವೂ ಇತ್ತು. ಗಂಡ ರೇಡಿಯೊ ಮುಚ್ಚಳದ ಒಳಗೆ ರಿಪೇರಿಯ ತಾರೀಕನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದ. ಇವಳು ಕಂಪ್ಯೂಟರ್ ಮುಚ್ಚಳದ ಒಳಗೆ ತಾರೀಕಿನ ಜೊತೆ ಪಾಸ್‌ವರ್ಡನ್ನೂ ಬರೆಯುತ್ತಿದ್ದಳು. ಮಾಲೀಕರು ಮರೆತು ರಾತ್ರಿ ಹಗಲೆನ್ನದೆ ಫೋನ್ ಮಾಡುತ್ತಾರಲ್ಲ, ಅದಕ್ಕೆ. ಪೆಟ್ಟಿಗೆ ಬಿಚ್ಚಿ ಯಾರು ನೋಡುತ್ತಾರೆ ಎಂಬ ಧೈರ್ಯ.

ಮುಚ್ಚಳ ತೆಗೆದಳು. ಪೆನ್ಸಿಲ್ ಸಾಲು ಅಲ್ಲೇ ಇತ್ತು, ದುಂಡಗಿನ ಅವಳದೇ ಅಕ್ಷರ.

ವಾಣಿಶ್ರೀ ಬಾಗಿಲ ಬಳಿ ಫೋನಿನಲ್ಲಿದ್ದಳು. ಯಾರೂ ನೋಡುತ್ತಿರಲಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಸಾಕು, ಅಕ್ತರಬಿಯ ಹೆಸರು ಉಳಿಯುತ್ತದೆ. ಐದು ತಾಲೂಕಿನಲ್ಲಿ ಅವಳನ್ನು ನಂಬಿ ಪೆಟ್ಟಿಗೆ ಕೊಟ್ಟವರಿದ್ದರು. ಬೆರಳು ಸಾಲಿನ ತನಕ ಹೋಯಿತು. ಹೊರಗೆ ಸಲ್ಮಾ ಜೀಪು ಹತ್ತುತ್ತಿದ್ದಳು. ಅಕ್ತರಬಿ ಬೆರಳು ಹಿಂದಕ್ಕೆ ತೆಗೆದಳು.

"ಮೇಡಂ, ಬರ್ರಿ ಇಲ್ಲಿ," ಎಂದು ಕೂಗಿದಳು. "ಸಲ್ಮಾನ್ನ ಇಳಸ್ರಿ. ಪಾಸ್‌ವರ್ಡ್ ಇಲ್ಲೇ ಐತಿ. ನಾನ ಬರೆದಿದ್ದು."

ವಾಣಿಶ್ರೀ ಸಲ್ಮಾಳನ್ನು ಇಳಿಸಿ ಒಳಗೆ ಕರೆತಂದು ಟಾರ್ಚ್ ಹಿಡಿದಳು. ಸಾಲಿನ ಪಕ್ಕದ ಕಪ್ಪು ತಗಡಿನ ಮೇಲೆ ಎರಡು ಬೆರಳಿನ ಬಿಳಿ ಗುರುತು. ಮುಟ್ಟಿದರೆ ಪುಡಿ. ವಿಭೂತಿ.

ಮೂವರೂ ಶಿವಯೋಗಪ್ಪನ ಹಣೆಯ ವಿಭೂತಿ ಪಟ್ಟೆ ನೋಡಿದರು. ಅವನ ಕೈ ತಾನಾಗಿ ಹಣೆಗೆ ಹೋಯಿತು. ಗಾಬರಿಯಾದಾಗಲೆಲ್ಲ ಅವನು ಹಾಗೆ ಮುಟ್ಟಿಕೊಳ್ಳುತ್ತಿದ್ದ.

"ಗುರು ಕೊಟ್ಟೂರೇಶನಾಣೆ, ನಾ ಯಾರ ಅಡ್ರೆಸ್ಸೂ ಕೊಟ್ಟಿಲ್ರಿ," ಎಂದು ಕುರ್ಚಿಯಲ್ಲಿ ಕುಸಿದ. "ಮಷೀನ್ ತೆವಳತಿತ್ತು. ಗಿರಾಕಿ ಎದ್ದು ಹೊಂಟಿದ್ರು. ಕಂಪ್ಯೂಟರ್ ಕ್ಲಾಸಿನ ಅರುಣಕುಮಾರ್ ಮಾಸ್ತರು ಹದಿನೈದು ದಿನದ ಹಿಂದ ಚೀಟಿ ಬರೆದುಕೊಟ್ರು. ಈ ಒಂದು ಸಾಲು ಸೇರಸ್ರಿ, ಕುದುರಿ ಆಕ್ಕೈತಿ ಅಂದ್ರು. ಪಾಸ್‌ವರ್ಡ್ ಅಕ್ತರಬಿ ಪೆಟಿಗಿ ಒಳಗ ಇರತೈತಿ ಅಂತ ನನಗ ಗೊತ್ತಿತ್ತು. ಶನಿವಾರ ಆ ಸಾಲು ನಾನ ಟೈಪ್ ಬಡಿದೆ. ಪಾಸ್‌ವರ್ಡ್ ಮಾಸ್ತರಿಗೂ ತೋರಿಸಿಲ್ರಿ."

"ಬೆಳಗ್ಗಿಂದ ಸುಮ್ಮನ ಯಾಕಿದ್ರಿ?"

"ಅಂಜಿಕಿ. ಈ ಹುಡುಗಿ ಮಾರಿ ನೋಡಾಕ ಆಗವಲ್ದಾಗಿತ್ತು."

ಕೀಲಿಕೈ ಯಾರಿಗೂ ಕೊಡದೆ ಗೋಡೆಯನ್ನೇ ಕೆಡವಿದ್ದ ಮಹಾರಾಯ. ಬೈಯಲು ಹೊತ್ತಿರಲಿಲ್ಲ.

"ಬಡಿದ ಮ್ಯಾಲೆ ಯಾರು ಬಂದ್ರು?"

"ಗೊತ್ತಿಲ್ರಿ. ಒಂದು ತಾಸು ಕಣ್ಣು ಹತ್ತಿತ್ತು."

*

ಪೊಲೀಸರು ಕರೆಸಿದಾಗ ಅರುಣಕುಮಾರ್ ಇಸ್ತ್ರಿ ಅಂಗಿ ಹಾಕಿಕೊಂಡು, ನಗುತ್ತಲೇ ಬಂದ. ಅವನೂ ತೆಲಿಗಿಯವನೇ.

"ಚೀಟಿ ಕೊಟ್ಟಿದ್ದು ಹೌದು. ಹಿರಿಯರಿಗೆ ಸಹಾಯ ಮಾಡಿದ್ರ ತಪ್ಪೇನ್ರಿ? ಆಮ್ಯಾಲ ಈ ಅಂಗಡಿ ಮೆಟ್ಟಿಲು ಹತ್ತಿಲ್ಲ. ಹದಿನೈದು ದಿನ ಆತು."

ವಾಣಿಶ್ರೀಯ ಕೈಯಲ್ಲಿ ಏನೂ ಇರಲಿಲ್ಲ. ಗಡಿಯಾರದಲ್ಲಿ ಎರಡೂಮುಕ್ಕಾಲು. ಕೋಮಲಾ ಕಾಣೆಯಾಗಿ ಎಂಟು ತಾಸಾಗುತ್ತ ಬಂದಿತ್ತು.

ಆರಿದ ಚಹಾ ಪಕ್ಕಕ್ಕೆ ಸರಿಸಿ ಅಕ್ತರಬಿ ನಿಟ್ಟುಸಿರು ಬಿಟ್ಟಳು.

"ಸಹಾಯ ಅಂತೀರಿ. ನಿಮ್ಮ ಸಾಲು ಹಾಕಿ ಏನಾತು ಮಾಸ್ತರ? ಮಷೀನು ಮೊದಲಿನಂಗ ತೆವಳತೈತಿ. ಹುಡುಗರಿಗೂ ಇದನ್ನ ಕಲಿಸ್ತೀರೇನು?"

"ಸುಳ್ಳ್ರಿ," ಎಂದ ಅರುಣಕುಮಾರ್. ಮೂಗಿನ ತುದಿ ಕೆಂಪಾಗಿತ್ತು. "ಚಾ ಬರೋದ್ರೊಳಗ ಎದ್ದು ಕುಂದರತೈತಿ."

ವಾಣಿಶ್ರೀ ತಲೆ ಎತ್ತಿ ಅವನನ್ನು ನೋಡಿದಳು.

"ಸಾಲು ಹಾಕಿದ್ದು ಶನಿವಾರ," ಎಂದಳು ಅಕ್ತರಬಿ. "ಅದಕ್ಕ ಮೊದಲ ಎರಡು ವರ್ಷ ಈ ಮಷೀನು ಚಾ ಮುಗಿಯೋಕ ಮೊದಲ ಎದ್ದಿಲ್ಲ. ಹದಿನೈದು ದಿನ ಮೆಟ್ಟಿಲು ಹತ್ತದವರಿಗೆ ಅದು ಹೆಂಗ ಗೊತ್ತು? ದಿನಾ ಹಣಿಕಿ ಹಾಕಿ ಕಾದಿರಿ. ಸಾವ್ಕಾರ್ರು ಮಲಗಿದಾಗ ಬಂದು, ಚಾಲು ಮಾಡಿ ನೋಡಿ, ನಿಮ್ಮ ಪ್ರೋಗ್ರಾಂ ಬಿಟ್ಟು ಹೋದ್ರಿ. ಮುಖ್ಯ ಪಾಸ್‌ವರ್ಡ್ ಸಿಗಲಿಲ್ಲ. ಬೇಲಿ ಬಿದ್ದ ಮ್ಯಾಲೆ ನಿಮಗ ಅದು ಬೇಕಾಗಲೂ ಇಲ್ಲ."

ವಾಣಿಶ್ರೀ ಅವನ ಫೋನ್ ಕಿತ್ತುಕೊಂಡಳು. ಸೋಮವಾರ ಸಂಜೆ ಗವಿಸಿದ್ದೇಶನಿಗೆ ಹೋದ ಸಂದೇಶ ಅಳಿಸಿರಲೂ ಇಲ್ಲ. ಹಂಪಸಾಗರದ ಪೂರ್ತಿ ವಿಳಾಸ.

"ಗಂಡ ಹೆಂಡ್ತಿ ಕೂಡಿದ್ರ ಚೊಲೋ ಅಂತ ಮಾಡಿದ್ನಿರಿ," ಎಂದ ಅವನು. ದನಿ ಇಳಿದಿತ್ತು. "ಗೆಳೆಯ ಅತ್ತು ಕೇಳಿದ್ದ."

"ಸೀಮಿಎಣ್ಣಿ ಸುರಿಯುವಾಗಲೂ ಅಳತಿದ್ನೇನು? ಎಲ್ಲಿ ಅದಾಳ ಆಕಿ?"

"ನೀಲಗುಂದ. ಗವಿಸಿದ್ದೇಶನ ಅಕ್ಕನ ಮೆಕ್ಕೆಜೋಳದ ಗೋದಾಮು."

*

ಹರಪನಹಳ್ಳಿ ಪೊಲೀಸರು ಗೋದಾಮಿನ ಬೀಗ ಒಡೆದಾಗ ಸೀಮೆಎಣ್ಣೆ ಕ್ಯಾನು ತುಂಬಿಸಿಕೊಂಡು ಬರುತ್ತಿದ್ದ ಗವಿಸಿದ್ದೇಶ್ ಹೊರಗೇ ಸಿಕ್ಕಿಬಿದ್ದ. ಕೋಮಲಾಳ ಬಾಯಿಗೆ ಬಟ್ಟೆ ಕಟ್ಟಿತ್ತು. ಉಸಿರಿತ್ತು.

ಆ ಸುದ್ದಿ ಕೊಟ್ಟೂರಿಗೆ ಬಂದಾಗ ಸಲ್ಮಾ ಜೆರಾಕ್ಸ್ ಯಂತ್ರಕ್ಕೆ ತಲೆ ಆನಿಸಿ ಅತ್ತಳು. ಶಿವಯೋಗಪ್ಪ ಅವಳಿಗೆ ಕೈಮುಗಿದ. ಅವಳು ಅವನ ಕಡೆ ನೋಡಲಿಲ್ಲ. ಉಳಿದ ಹತ್ತು ಹೆಂಗಸರನ್ನು ಬೇರೆ ಕಡೆ ಸಾಗಿಸಲು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದಳು.

"ಪೆನ್ಸಿಲ್ ವಿಷಯ ವರದಿಯೊಳಗ ಬಿಟ್ಟೇನಿ," ಎಂದು ವಾಣಿಶ್ರೀ ಅಕ್ತರಬಿಗೆ ಮೆಲ್ಲಗೆ ಹೇಳಿದಳು.

"ಬರೀರಿ ಮೇಡಂ. ಬಿಟ್ರ ನಾಳಿ ಇನ್ನೊಬ್ಬಾಕಿ ಹೋಗ್ತಾಳ."

ಸಂಜೆ ಹರಪನಹಳ್ಳಿ ಆಸ್ಪತ್ರೆಯಲ್ಲಿ ಕೋಮಲಾಗೆ ಮಾತು ಬಂತು. ಮೊದಲು ಕೇಳಿದ್ದು ಒಂದೇ.

"ಸಲ್ಮಾ ಹೇಳಿದ್ಲೇನು?"

ದಿನವಿಡೀ ಆ ಕತ್ತಲಲ್ಲಿ ಅವಳು ಅದನ್ನೇ ನಂಬಿಕೊಂಡು ಬಿದ್ದಿದ್ದಳು.

"ಇಲ್ಲವ್ವ. ಆಕಿ ಬಾಯಿ ಬಿಟ್ಟಿಲ್ಲ," ಎಂದಳು ನೋಡಲು ಬಂದಿದ್ದ ಅಕ್ತರಬಿ. "ಅಡ್ರೆಸ್ ಕದ್ದವ ಬ್ಯಾರೆ ಅದಾನ. ಅವಗ ದಾರಿ ಆಗಿದ್ದು ನನ್ನ ಕೈಬರಹ."

ಕೋಮಲಾ ಗೋಡೆಯ ಕಡೆ ಮುಖ ತಿರುಗಿಸಿದಳು. ಕ್ಷಮಿಸಿದೆ ಎನ್ನಲಿಲ್ಲ. ಅಕ್ತರಬಿಯೂ ಕೇಳಲಿಲ್ಲ.

ಮರುದಿನ ಅವಳು ಕೊಟ್ಟೂರಿನ ಪೆಟ್ಟಿಗೆಗೆ ಮತ್ತೆ ಬೇಲಿ ಹಾಕಿದಳು. ಗುಂಡಿ ಒತ್ತಿದಳು. ಚಹಾ ಬಂತು, ಮುಗಿಯಿತು, ಆಮೇಲೆ ಪರದೆ ಎದ್ದಿತು. ಶಿವಯೋಗಪ್ಪ ಕಾದ.

ಆಮೇಲೆ ಅಕ್ತರಬಿ ಹಡಗಲಿ ಬಸ್ಸು ಹತ್ತಿದಳು. ಐದು ತಾಲೂಕಿನಲ್ಲಿ ಅವಳು ಬರೆದ ಮುಚ್ಚಳಗಳು ನೂರಕ್ಕೂ ಮೇಲೆ. ಚೀಲದಲ್ಲಿ ಸ್ಕ್ರೂಡ್ರೈವರಿನ ಪಕ್ಕ, ಪೆನ್ಸಿಲ್ ಇರುತ್ತಿದ್ದ ಜಾಗದಲ್ಲಿ, ಈಗ ಒಂದು ರಬ್ಬರ್ ಇತ್ತು.